ಸಾಹೇಬರ ಬಾಣಂತನ

ರೋಗ ಹರಡದಂತೆ ತಡೆಯುವ ಸದುದ್ದೇಶದಿಂದ 1998ರಲ್ಲಿ ದೊಡವಾಡದ ದೇವಕ್ಕನ ಎಮ್ಮೆಯನ್ನು ಊರ ದೊಡ್ಡಿಯಲ್ಲಿ ಕ್ವಾರಂಟೈನ್ ಮಾಡಲಾಯಿತು. ಎಮ್ಮೆಗೆ ರೋಗವಿರಲಿಲ್ಲ. ಜಾಲಿಮುಳ್ಳು ಚುಚ್ಚಿ ಬಾಯಿ ಹುಣ್ಣಾಗಿತ್ತು. ಆದರೆ ದನಗಳ ಕಾಲುಬಾಯಿ ಬ್ಯಾನಿ ತಡೆಯಲು ಬಂದಿದ್ದ ಸರಕಾರಿ ದನದ ಡಾಕ್ಟರ್ ವಿರೂಪಾಕ್ಷ ಸಾಹೇಬರಿಗೆ ಇಡೀ ತಾಲೂಕಿನಲ್ಲಿ ಸಿಕ್ಕ ಹುಣ್ಣು ಅದೊಂದೇ.

"ಯಾವಾಗ ಬಿಡ್ತೀರಿ?" ದೇವಕ್ಕ ಕೇಳಿದಳು. ಮನೆಯಲ್ಲಿ ಹಾಲು ಕೊಡುವುದು ಅದೊಂದೇ.

"ಕ್ವಾರಂಟೈನ್ ಅಂದ್ರ ಇಟಲಿ ಮಾತಿನಾಗ ನಲವತ್ತು. ಹಿಂದಕ ಪ್ಲೇಗ್ ಬಂದಾಗ ಹಡಗದ ಮಂದಿನ್ನ ನಲವತ್ತು ದಿನ ದಂಡಿಗೆ ಇಳಿಸ್ತಿರಲಿಲ್ಲ."

"ಹೊರಗ ಬರೂಹಂಗಿಲ್ಲ, ಮಂದಿ ಮುಟ್ಟೂಹಂಗಿಲ್ಲ. ಬಾಣಂತನ ಅನ್ರಿ."

ಮುಟ್ಟಿದವರೂ ಒಳಗಿರತಕ್ಕದ್ದು ಎಂದು ನಿಯಮ. ಎಮ್ಮೆಯ ಬಾಯಿ ತೆರೆದು ನೋಡಿದವರು ಸಾಹೇಬರೊಬ್ಬರೇ. ಕಾನೂನಿಗೆ ತಲೆಬಾಗಿ ಒಳಗೆ ಹೋಗಿ ಅಗಳಿ ಹಾಕಿಕೊಂಡರು. ಒಳಗಿನ ಹಾಲು ಹೊರಗೆ ಹೋಗತಕ್ಕದ್ದಲ್ಲ ಎಂದೂ ಇತ್ತು. ಅದನ್ನೂ ತಾವೇ ಹಿಂಡಿ ತಾವೇ ಕುಡಿದರು.

ಸಾಹೇಬರ ಮನಸ್ಸು ಗೆದ್ದರೆ ಎಮ್ಮೆ ಬೇಗ ಬಂದೀತು ಎಂದುಕೊಂಡಳು ದೇವಕ್ಕ. ಹೆಣ್ಣುಮಕ್ಕಳ ಬಾಣಂತನ ಮಾಡಿ ಪಳಗಿದ ಕೈ. ಗೋಡೆಯ ಮೇಲಿಂದ ಅಂಟಿನುಂಡಿ, ಸಬ್ಬಸಗಿ ಪಲ್ಯ, ಸುಡುಸುಡು ನೀರು ದಾಟಿಸಿದಳು. ಕಿವಿಗೆ ಅರಿವೆ ಕಟ್ಟಿಸಿದಳು. ಹೊರಸಿನ ಕೆಳಗೆ ಕೆಂಡ ಇಡಿಸಿದಳು.

ಅವಧಿ ಮುಗಿದ ದಿನ ಹಗ್ಗ ಹಿಡಿದು ಬಂದಳು.

"ಬಿಡ್ರಿ ಸಾಹೇಬ್ರ."

"ನನ್ನ ಸೊಂಟ ಇನ್ನೂ ಗಟ್ಟಿ ಆಗಿಲ್ಲ ಯವ್ವಾ," ಎಂದರು ಸಾಹೇಬರು. ಸಾರ್ವಜನಿಕರ ಹಿತದೃಷ್ಟಿಯಿಂದ ಅವಧಿ ಮುಂದುವರಿಯಿತು.

ತನಿಖೆಗೆ ಮೇಲಧಿಕಾರಿ ಬಂದರು. ಒಂದು ಉಂಡಿ ತಿಂದರು, ಗೋಡೆಯ ಮೇಲಿಂದ ಎಮ್ಮೆಯನ್ನು ಒಂದೇ ಬೆರಳಿನಿಂದ ಮುಟ್ಟಿದರು, ಒಳಗೆ ಹೋದರು. ಸುದ್ದಿ ತಿಳಿದು ಸವದತ್ತಿ, ರಾಮದುರ್ಗದಿಂದ ಬಂದ ಅಧಿಕಾರಿಗಳು ಎಮ್ಮೆ ಮುಟ್ಟಲು ಪಾಳಿ ಹಚ್ಚಿದರು. ಎಮ್ಮೆಗೆ ಮಲಗಲು ಜಾಗ ಉಳಿಯಲಿಲ್ಲ.

ದೇವಕ್ಕ ಗೋಡೆಯ ಮೇಲಿಂದ ಇಣುಕಿದಳು. "ಇಷ್ಟು ಮಂದಿ ಬಾಣಂತ್ಯಾರು ಒತ್ತಟ್ಟಿಗೆ ಇದ್ರ ಸೋಂಕು ಹತ್ತೂದಿಲ್ಲೇನ್ರಿ?"

ಒಳಗಿನವರು ಗಾಬರಿಯಾಗಿ ಸಭೆ ಸೇರಿದರು. ಆದೇಶ ಹೊರಬಿತ್ತು: "ದಟ್ಟಣೆ ತಗ್ಗಿಸುವ ಸಲುವಾಗಿ ಸದರಿ ಎಮ್ಮೆಯನ್ನು ಮಾತ್ರ ಕೂಡಲೇ ಹೊರಹಾಕತಕ್ಕದ್ದು. ಉಂಡಿ ಸರಬರಾಜು ಯಥಾಪ್ರಕಾರ ಮುಂದುವರಿಯತಕ್ಕದ್ದು."

ದೇವಕ್ಕ ಎಮ್ಮೆ ಹೊಡಕೊಂಡು ಮನೆಗೆ ಹೋದಳು. ಅದೇ ಸಂಜೆಯಿಂದ ದೊಡ್ಡಿಗೆ ಹಾಲು ಮಾರತೊಡಗಿದಳು.

ಗಂಡನನ್ನು ಕರೆದೊಯ್ಯಲು ವಿರೂಪಾಕ್ಷರ ಹೆಂಡತಿ ರಾಜೇಶ್ವರಿ ಬೈಲಹೊಂಗಲದಿಂದ ಬಸ್ಸಿನಲ್ಲಿ ಬಂದಳು. ಬೈಯುತ್ತಲೇ ಬಂದವಳು ಗೋಡೆಯಾಚೆ ಇಣುಕಿದಳು. ಗಂಡನ ಗಲ್ಲ ತುಂಬಿಕೊಂಡಿತ್ತು.

"ಕರಕೊಂಡು ಹೊಂಟೀರೇನ್ರಿ?" ದೇವಕ್ಕ ಕೇಳಿದಳು.

"ಇಲ್ರೀ ಯವ್ವಾ. ಚೊಚ್ಚಲದ್ದು. ಐದು ತಿಂಗಳರ ತುಂಬಲಿ," ಎಂದಳು ರಾಜೇಶ್ವರಿ. ಗಂಡನಿಗೊಂದು ಕಿವಿ ಮುಚ್ಚುವ ಉಣ್ಣೆಯ ಕುಲಾಯಿ ಕಳಿಸುವುದಾಗಿ ಹೇಳಿ ತಿರುಗಿ ಬಸ್ಸು ಹತ್ತಿದಳು.