ಸರಿ ಕೂಲಿ ನಾಟಕಕ್ಕೆ ಪೇಟಿ ನುಡಿಸಿದ್ದು

ನಾಟಕದವರ ನಡುವೆ ಹಾರ್ಮೋನಿಯಂ ಪೇಟಿ ಹಿಡಿದು ಕೂತವರಿಗೆ ನಗುವಿಗೇನೂ ಬರವಿಲ್ಲ. ಅದರಲ್ಲೂ ಕಲಬುರಗಿಯ ತೊಗರಿಬೇಳೆ ಮಿಲ್ಲಿನ ಹೆಣ್ಣುಮಕ್ಕಳು ಸೇರಿ, ಗಂಡಸರಿಗೆ ಕೊಡುವಷ್ಟೇ ಕೂಲಿ ತಮಗೂ ಬೇಕೆಂದು ಕೇಳುವ ಹಾಡುನಾಟಕ ಕಟ್ಟಿದಾಗ ನಾನು ನಕ್ಕಷ್ಟು, ಸಂಗೀತದ ಟೀಚರಾಗಿ ಇಡೀ ಸರ್ವೀಸಿನಲ್ಲಿ ನಕ್ಕಿರಲಿಲ್ಲ.

೧. ಮೆತ್ತನೆ ಮಾಲೀಕ

ಜೇವರ್ಗಿ ಕಾಲೋನಿಯ ನಮ್ಮ ಮನೆ ಮಾಳಿಗೆ ಮೇಲೆ ತಾಲೀಮು. ಮಾಲೀಕನ ಪಾತ್ರಕ್ಕೆ ಗಂಡಸರು ಯಾರೂ ಒಪ್ಪಲಿಲ್ಲ. ಕೊನೆಗೆ ಬೇಳೆ ಹಸನು ಮಾಡುವ ಹಿರಿಯ ಹೆಣ್ಣುಮಗಳೊಬ್ಬಳು ಗಂಡನ ಟೋಪಿ ಹಾಕಿಕೊಂಡು ನಿಂತಳು. ಕೂಲಿಯವರು ಹಾಡಿ ಕೇಳಬೇಕು, ಆಕೆ "ಆಗಲ್ಲ!" ಅಂತ ಗುಡುಗಬೇಕು. ಹಾಡು ಮುಗಿಯಿತು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ತಗೋರಿ ಯವ್ವಾ, ಎಲ್ಲರಿಗೂ ಸರಿ ಕೂಲಿ" ಅಂದುಬಿಟ್ಟಳು.

"ಈಗ್ಲೇ ಕೊಟ್ರ ಉಳಿದ ನಾಟಕ ಏನು ಮಾಡೋದವ್ವಾ?" ಅಂದೆ.

"ಟೀಚರ್, ಇಪ್ಪತ್ತು ವರ್ಷದಾಗ ಒಮ್ಮೆ ಮಾಲೀಕ ಆಗೀನಿ. ಇವತ್ತಾರ ಕೊಡಾಕ ಬಿಡ್ರಿ!"

೨. ಮೀಸೆಯ ದರ

ಮಾಲೀಕನ ಪಾತ್ರದ ಆಕೆಗೆ ಮೀಸೆ ಕೊಳ್ಳಲು ನಾವಿಬ್ಬರೂ ಸೂಪರ್ ಮಾರ್ಕೆಟ್ ಪೇಟೆಗೆ ಹೋದೆವು. ಅಂಗಡಿಯವ ನಗುತ್ತ, "ಗಂಡಸರಿಗೆ ಪೂರಾ ರೇಟ್ ಅದ ರೀ. ಹೆಣ್ಮಕ್ಕಳಿಗಾದ್ರ ಕಡಿಮಿ ಮಾಡ್ತೀನಿ" ಅಂದ.

ತಾಲೀಮಿನ ಕಾವು ಇನ್ನೂ ಇಳಿದಿರಲಿಲ್ಲ. ಆಕೆ ಸಿಡಿದೆದ್ದಳು: "ಕಡಿಮಿ ಯಾಕ? ಗಂಡಸರಿಗೆಷ್ಟೋ ನಮಗೂ ಅಷ್ಟೇ ಹಿಡೀರಿ!"

ನಾನು ಮೊಣಕೈಯಿಂದ ತಿವಿದೆ. "ಅವ್ವಾ, ಇದು ನಾವು ಕೊಡೋ ರೊಕ್ಕ, ತಗೊಳ್ಳೋದಲ್ಲ."

ಆಕೆ ಅಂಗಡಿಯವನ ಕಡೆ ತಿರುಗಿದಳು. "ಹಂಗಾದ್ರ ಕಡಿಮಿ ರೇಟಿನಾಗ ಎರಡು ಕೊಡ್ರಿ."

೩. ತುಟ್ಟಿ ನಾಟಕ

ಮೊದಲ ಪ್ರದರ್ಶನ ಕಮಲಾಪುರದಲ್ಲಿ, ಟಿಕೆಟ್ ಇಲ್ಲದೆ. ಮುಂದಿನ ಕುರ್ಚಿಯಲ್ಲಿ ಮುಖ್ಯ ಅತಿಥಿಯಾಗಿ ಬಾಳೆ ತೋಟದ ಸಾಹುಕಾರರು. ಹಿಂದೆ ನೆಲದ ಮೇಲೆ ಅವರದೇ ತೋಟದಲ್ಲಿ ಗೊನೆ ಹೊರುವ ಹೆಣ್ಣುಮಕ್ಕಳು. ನಮ್ಮವರು ಎದೆಯೆತ್ತಿ ಹಾಡಿದರು. ಮುಗಿದ ಮೇಲೆ ಸಾಹುಕಾರರು ಮೈಕು ಹಿಡಿದು, "ಹೆಣ್ಮಕ್ಕಳು ಗಂಡಸರಿಗಿಂತ ಯಾವುದರಾಗೂ ಕಡಿಮಿ ಇಲ್ಲ!" ಅಂದರು. ಚಪ್ಪಾಳೆಯೋ ಚಪ್ಪಾಳೆ.

ಹಿಂದಿನಿಂದ ಒಬ್ಬಾಕೆ ಎದ್ದು ನಿಂತಳು. "ಮತ್ತ ನಮಗ್ಯಾಕ ಕೂಲಿ ಕಡಿಮಿ ಕೊಡ್ತೀರಿ ಸಾವ್ಕಾರ್ರ?"

ಸಾಹುಕಾರರು ನನ್ನ ಕಡೆ ತಿರುಗಿದರು. "ಇದೂ ನಾಟಕದಾಗ ಅದ ಏನ್ರೀ?"

"ಇಲ್ರೀ, ಇದು ಖರೇನೇ ಅದ."

ಊರಿಗೆ ಊರೇ ಅವರ ಮುಖ ನೋಡುತ್ತಿತ್ತು. ಬೆವರೊರೆಸಿಕೊಂಡು, "ಆಯ್ತು, ಬರೋ ಸೋಮವಾರದಿಂದ ಗಂಡಸರಿಗೂ ಹೆಣ್ಮಕ್ಕಳಿಗೂ ಒಂದೇ ಕೂಲಿ" ಅಂದರು. ಹೆಂಗಸರು ಸೀಟಿ ಹೊಡೆದರು. ನಮ್ಮವರು ಗೆಲುವಿನ ಹಾಡನ್ನು ಮತ್ತೊಮ್ಮೆ ಹಾಡಿದರು.

ಹಾಡು ನಿಂತಾಗ ಸಾಹುಕಾರರು ಕುರ್ಚಿಯಲ್ಲಿ ಕುಸಿದು, ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿದರು. ಮೈಕು ಇನ್ನೂ ಕೈಯಲ್ಲೇ ಇತ್ತು. ಹಾಗಾಗಿ ಕಮಲಾಪುರಕ್ಕೆಲ್ಲ ಕೇಳಿಸಿತು:

"ಫುಕಟ್ ನಾಟಕ ಅಂತ ಬಂದಿದ್ನೆಪಾ. ಇಷ್ಟು ತುಟ್ಟಿ ನಾಟಕ ಜನ್ಮದಾಗ ನೋಡಿಲ್ಲ!"