ಅನುದಾನ ನಿಂತ ಮೇಲಿನ ಸಾಬೂನು

ಬೇರೆಯವರಿಗೆ ವ್ಯಾಪಾರ ಕಲಿಸುವುದು ಎಷ್ಟು ಸುಲಭವೆಂಬುದು, ಜನ್ಮದಲ್ಲಿ ಒಂದು ಬೆಂಕಿಪೊಟ್ಟಣವನ್ನೂ ಮಾರದ ನನ್ನಂಥವನಿಗೇ ಗೊತ್ತು. ಐವತ್ತರ ದಶಕದಲ್ಲಿ ದೇರೆಬೈಲಿನ ಒಂದು ಬಾಡಿಗೆ ಕಟ್ಟಡದಲ್ಲಿ ಸರ್ಕಾರದ ಸಾಬೂನು ತರಬೇತಿ ಕೇಂದ್ರವಿತ್ತು. ಅದಕ್ಕೆ ನಾನು ಮಾಸ್ಟರು. ಕರಿಹಲಗೆಯ ಮೇಲೆ ‘ಲಾಭ’ ಎಂದು ಬರೆದು ಅಡಿಗೆರೆ ಎಳೆದರೆ ಲಾಭ ನನ್ನ ಜೇಬಿಗೇ ಬಿದ್ದಷ್ಟು ಸಂತೋಷವಾಗುತ್ತಿತ್ತು.

ಒಂದು ದಿನ ಮೇಲಿನಿಂದ ಆಜ್ಞೆ ಬಂತು: ಅನುದಾನ ನಿಂತಿದೆ, ಕೇಂದ್ರ ಮುಚ್ಚಿ. ನಾನು ಕಿಟಕಿ ಹಾಕುತ್ತಿದ್ದಾಗ ಸೆವ್ರಿನ್ ಬಾಯಿ ಬಂದು ನಿಂತರು. ಗಂಡ ತೀರಿಕೊಂಡ ಮೇಲೆ ಮಕ್ಕಳನ್ನು ಸಾಕಲು ಸಾಬೂನು ಮಾಡಿ ಮಾರಬೇಕೆಂದು ತರಗತಿಗೆ ಸೇರಿದ್ದ ಹೆಂಗಸು. ಅವರ ಸಾಬೂನು ಇನ್ನೂ ಗಟ್ಟಿಯಾಗುತ್ತಿರಲಿಲ್ಲ.

“ಅರ್ಧ ಕಲಿಸಿ ಬಿಟ್ರೆ ನಾನು ಎಂತ ಮಾಡುವುದು ಮಾಸ್ಟ್ರೇ?”

“ಸರ್ಕಾರದ ಹತ್ತಿರ ದುಡ್ಡಿಲ್ಲವಂತೆ ಬಾಯಿ.”

“ನಿಮ್ಮ ಮನೆಯಲ್ಲಿ ಒಲೆ ಉಂಟಲ್ಲ?”

ಉಂಟು ಎಂದುಬಿಟ್ಟೆ. ಒಲೆ ನನ್ನದಲ್ಲ, ಹೆಂಡತಿ ಸುಮತಿಯದು ಎಂಬುದು ಮನೆ ಮುಟ್ಟುವವರೆಗೂ ಹೊಳೆಯಲಿಲ್ಲ.

ಸುಮತಿ ನನ್ನೊಡನೆ ಮಾತು ಬಿಟ್ಟಳು. ಕಾಸ್ಟಿಕ್ ಸೋಡಾದ ಘಾಟಿಗೆ ಬೆಕ್ಕು ಮನೆಯನ್ನೇ ಬಿಟ್ಟಿತು. ಹಿತ್ತಿಲಿಗೆ ಒಲೆ ಸಾಗಿಸಿ ಪಾಠ ಮುಂದುವರಿಸಿದೆ. ಆದರೂ ಅಚ್ಚಿನಿಂದ ತೆಗೆದ ಸಾಬೂನು ಹಲ್ವದ ಹಾಗೆ ಕೈಗಂಟಿತು. ಸೆವ್ರಿನ್ ಬಾಯಿ ಅಲ್ಲೇ ಕುಕ್ಕರಿಸಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಗಂಟಲು ಸರಿಮಾಡಿಕೊಂಡು ಉಷ್ಣಾಂಶದ ಮಹತ್ವ ವಿವರಿಸತೊಡಗಿದೆ.

ಅಷ್ಟರಲ್ಲಿ ಸುಮತಿ ಒಳಗಿನಿಂದ ಬಂದಳು. “ಏಳಿ ಬಾಯಿ, ಇನ್ನೊಮ್ಮೆ ಮಾಡುವ. ನೀವು ಸ್ವಲ್ಪ ಸುಮ್ಮನಿರಿ ಮಾರಾಯ್ರೆ,” ಎಂದಳು. ಕೊನೆಯ ಮಾತು ನನಗೆ. ಮಾತು ಬಿಟ್ಟ ಮೇಲೆ ಆಡಿದ ಮೊದಲ ಮಾತಾದ್ದರಿಂದ ಸಂತೋಷದಿಂದಲೇ ಸುಮ್ಮನಾದೆ.

ಇಬ್ಬರೂ ಸೇರಿ ಎಷ್ಟು ಸಲ ಕೆಡಿಸಿದರೋ. ಮಳೆಗಾಲ ಕಳೆಯುವ ಹೊತ್ತಿಗೆ ಸಾಬೂನು ಗಟ್ಟಿಯಾಯಿತು, ನೊರೆಯೂ ಬಂತು. ಇಬ್ಬರೂ ಬುಟ್ಟಿ ಹಿಡಿದು ಮನೆಮನೆಗೆ ಹೊರಟರು. ಮಾರುತ್ತ ಸೆವ್ರಿನ್ ಬಾಯಿ ನಗುವುದನ್ನೂ ಕಲಿತರು. ಅವರ ಮಕ್ಕಳ ಶಾಲೆ ತಪ್ಪಲಿಲ್ಲ.

ಮರುವರ್ಷ ಅನುದಾನ ಮತ್ತೆ ಬಂತು. ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕಚೇರಿಗೆ ಹೋದೆ. ಇನ್ನು ಮುಂದೆ ಸ್ವತಃ ತಯಾರಿಸಿ ಮಾರಿದವರೇ ಕಲಿಸಬೇಕೆಂದು ಹೊಸ ನಿಯಮವಂತೆ. ಅಧಿಕಾರಿ ಬಹಳ ಮರ್ಯಾದೆಯಿಂದ ಕೇಳಿದರು, “ನಿಮ್ಮ ಮನೆಯವರು ಬರಬಹುದಾ?”

ಸೆವ್ರಿನ್ ಬಾಯಿಗೆ ಮಾರಾಟದಿಂದ ಬಿಡುವಿರಲಿಲ್ಲ. ಸುಮತಿ ಹೋದಳು. ದಿನಾ ಬೆಳಿಗ್ಗೆ ಕೊಡೆ ಹಿಡಿದು ಹೊರಡುವ ಮುಂಚೆ ಅಕ್ಕಿಗೆ ಎಷ್ಟು ನೀರೆಂದು ಬಾಗಿಲಲ್ಲೇ ಹೇಳಿ ಹೋಗುತ್ತಿದ್ದಳು. ಮೊದಲ ದಿನ ನಾನು ಅನ್ನಕ್ಕಿಟ್ಟದ್ದು ಗಂಜಿಯಾಯಿತು. ಮಾರಲು ಒಯ್ದಿದ್ದರೆ ಯಾರೂ ಕೊಳ್ಳುತ್ತಿರಲಿಲ್ಲ. ಮನೆಯವಳಾದ್ದರಿಂದ ಸುಮತಿ ಉಪ್ಪಿನಕಾಯಿ ನೆಂಚಿಕೊಂಡು ಉಂಡಳು.