ಭಾವನವರ ಗುಲಾಬಿ ಹುಂಜ

ಚಿಂವ್... ಚಿಂವ್... ಚಿಂವ್!

ಸಂಭಾಜಿನಗರದಿಂದ ನಾಸಿಕಕ್ಕೆ ಹೊರಟ ಬಸ್ಸಿನಲ್ಲಿ, ನಮ್ಮ ಭಾವನವರ ತೊಡೆಯ ಮೇಲಿದ್ದ ಚಪಾತಿ ಡಬ್ಬಿಯೊಳಗಿಂದ ಬಂದ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಡಬ್ಬಿಯತ್ತ ಬಗ್ಗಿ, "ಕಾಕಾ, ಡಬ್ಯಾತ್ ಕಾಯ್ ಆಹೆ?" ಎಂದ, ಡಬ್ಬಿಯಲ್ಲೇನಿದೆ ಅಂತ. ಭಾವ ಕಣ್ಣು ಮಿಟುಕಿಸದೆ, "ಚಪಾತಿ" ಎಂದರು. ಡಬ್ಬಿ ಮತ್ತೆ ಚಿಂವ್ ಎಂದಿತು. "ಚಪಾತಿ ಬೋಲ್ತೇ ಕಾ?" ಎಂದ ಕಂಡಕ್ಟರ್. ಭಾವ ಗಂಭೀರವಾಗಿ ಉತ್ತರಿಸಿದರು: "ಗರಂ ಆಹೇತ್ ನಾ!" ಬಿಸಿಯಾಗಿವೆಯಂತೆ, ಅದಕ್ಕೇ ಮಾತಾಡುತ್ತವಂತೆ! ಮುಂದಿನ ಸೀಟಿನಲ್ಲಿದ್ದ ನಮ್ಮ ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಈ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ ಎನ್ನುವಂತೆ ಕಿಟಕಿಯಾಚೆ ನೋಡತೊಡಗಿದಳು. ಮದುವೆಯಾದಾಗಿನಿಂದ ರೂಢಿಯಾದ ಭಂಗಿ ಅದು!

ಭಾವ ಎಂದರೆ ನನ್ನ ಅಕ್ಕನ ಗಂಡ. ನಾಸಿಕದ ಹತ್ತಿರ ಓಝರಿನ ವಿಮಾನದ ಕಾರ್ಖಾನೆಯಲ್ಲಿ ಟೆಕ್ನಿಶಿಯನ್ ಆಗಿ ದುಡಿದು ರಿಟೈರ್ ಆದವರು. ಅವರು ಒಮ್ಮೆ ರಿಪೇರಿ ಮಾಡಿದ ಯಾವ ವಸ್ತುವೂ ಮತ್ತೆ ಕೆಟ್ಟದ್ದಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಕೆಡಲು ಅದು ಮೊದಲಿನ ವಸ್ತುವಾಗಿ ಉಳಿದಿದ್ದರೆ ತಾನೆ! ಅಕ್ಕನ ಮಿಕ್ಸರ್ ಅವರ ಕೈಯಲ್ಲಿ ಫ್ಯಾನ್ ಆಗಿತ್ತು. ಫ್ಯಾನು ಚಟ್ನಿ ಮಾಡುವುದೊಂದು ಬಾಕಿ. ಕೆಟ್ಟ ವಸ್ತು ಕಂಡರೆ ಅದಕ್ಕೊಂದು ಕೆಂಪು ಚೀಟಿ ಕಟ್ಟುತ್ತಿದ್ದರು, ಕಾರ್ಖಾನೆಯ ಪದ್ಧತಿ; ಸರಿಯಾಗುವ ತನಕ ಯಾರೂ ಮುಟ್ಟಬಾರದು. ಒಮ್ಮೆ ಅಕ್ಕನಿಗೆ ಸೊಂಟ ಹಿಡಿದಾಗ ಆಕೆಯ ಮಂಚಕ್ಕೂ ಕಟ್ಟಿದ್ದರು. ಅವತ್ತು ಬೈಸಿಕೊಂಡಷ್ಟು ಅವರು ಕಾರ್ಖಾನೆಯ ಸಾಹೇಬರಿಂದಲೂ ಬೈಸಿಕೊಂಡಿರಲಿಕ್ಕಿಲ್ಲ!

ಇಂಥವರನ್ನು ಸಂಭಾಜಿನಗರದ ವಾರದ ಸಂತೆಗೆ ಕಳಿಸಿದ್ದು ನನ್ನದೇ ಬುದ್ಧಿವಂತಿಕೆ. ನನ್ನ ಮಗಳ ಹೊಸ ಫ್ಲ್ಯಾಟಿನ ವಾಸ್ತುಶಾಂತಿಗೆ ಅಕ್ಕ ಭಾವ ಬಂದಿದ್ದರು. ಐದು ತೆಂಗಿನಕಾಯಿ ತನ್ನಿ ಎಂದರೆ, ನಾಲ್ಕು ಕಾಯಿ ಮತ್ತು ಒಂದು ಕೋಳಿಮರಿ ತಂದರು. ಅದೂ ಎಂಥದ್ದು? ಅಚ್ಚ ಗುಲಾಬಿ ಬಣ್ಣದ್ದು! ಮಕ್ಕಳನ್ನು ಮರುಳು ಮಾಡಲು ಮರಿಗಳಿಗೆ ಬಣ್ಣ ಹಚ್ಚಿ ಬುಟ್ಟಿಯಲ್ಲಿ ತುಂಬಿ ಮಾರುತ್ತಾರಲ್ಲ, ಅದರಲ್ಲೊಂದು. ಎಡಗಾಲು ದಿಕ್ಕು ತಪ್ಪಿ ಪಕ್ಕಕ್ಕೆ ಚಾಚಿಕೊಂಡಿತ್ತು. ನಿಲ್ಲಲು ಹೋದರೆ ಬೆಣ್ಣೆಯ ಮೇಲೆ ನಿಂತಂತೆ ಜಾರಿ ಎದೆಯ ಮೇಲೆ ಬೀಳುತ್ತಿತ್ತು.

"ಏನ್ರೀ ಇದು?" ಎಂದಳು ಅಕ್ಕ.

"ಕೋಳಿಮರಿ."

"ಅದು ಕಾಣ್ತದರಿ! ವಾಸ್ತುಶಾಂತಿ ಮನಿಯೊಳಗ ಯಾಕ ಬಂತು ಅಂತ ಕೇಳಿದೆ."

"ಮಾರಾಂವ ಇದನ್ನ ಬುಟ್ಟಿಯಿಂದ ಎತ್ತಿ ಗಟಾರದ ಕಡೆ ಒಗೀಲಿಕ್ಕತ್ತಿದ್ದ. ರಿಜೆಕ್ಟ್ ಮಾಲ್ ಅಂತ. ರಿಜೆಕ್ಟ್ ಅನ್ನಲಿಕ್ಕೆ ಅಂವ ಯಾರು? ಇನ್‌ಸ್ಪೆಕ್ಷನ್ ಮಾಡ್ಯಾನೇನು? ಇದನ್ನ ನಾ ರಿಪೇರಿ ಮಾಡ್ತೀನಿ."

"ಕಾಲ ಸರಿ ಮಾಡಿ ಏನ ಮಾಡವ್ರು? ಗಟ್ಟಿ ಕಾಲಿನ ಕೋಳಿಗೇ ಗಿರಾಕಿ ಜಾಸ್ತಿ. ನೀವು ಬದುಕಿಸಿದ್ದನ್ನ ಇನ್ನೊಬ್ಬ ಮಸಾಲಿ ಹಾಕ್ತಾನ!"

ಭಾವ ಮರಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, "ಅದು ಆಮ್ಯಾಗಿನ ಮಾತು. ಮೊದಲ ನಿಲ್ಲಲಿ" ಎಂದರು. ಆ ಆಮ್ಯಾಗಿನ ಮಾತು ಮುಂದೆ ನಮ್ಮ ಮೂವರ ನಿದ್ದೆ ಕೆಡಿಸಲಿತ್ತು.

ನಾನೂ ಅವರ ಜೊತೆ ನಾಸಿಕಕ್ಕೆ ಹೊರಟೆ. ಅಕ್ಕನೇ ಕರೆದಳು: "ಬಾರೇ ನಮ್ಮವ್ವ, ಇಬ್ಬರನ್ನ ನಾ ಒಬ್ಬಾಕಿ ಹ್ಯಾಂಗ ಸಂಭಾಳಿಸ್ಲಿ?" ಚಪಾತಿ ಡಬ್ಬಿಗೆ ಭಾವ ಡ್ರಿಲ್ಲಿನಿಂದ ತೂತು ಕೊರೆದಿದ್ದರು. ಡಬ್ಬಿ ನನ್ನದು. ಅದಕ್ಕೆ ಪ್ರತಿಯಾಗಿ ನನಗೆ ಸಿಕ್ಕಿದ್ದು ಒಂದು ಥ್ಯಾಂಕ್ಯೂ, ಅದೂ ಬಸ್ ಹತ್ತಿದ ಮೇಲೆ!

ನಾಸಿಕದ ಮನೆಯಲ್ಲಿ ಪಡಸಾಲೆಯ ಮೂಲೆಯೊಂದು ವಿಮಾನ ನಿಲ್ಲಿಸುವ ಹ್ಯಾಂಗರ್ ಆಯಿತು. ರಟ್ಟಿನ ಪೆಟ್ಟಿಗೆ, ಮೇಲೆ ಹಳದಿ ಬಲ್ಬು, ಒಳಗೆ ಥರ್ಮಾಮೀಟರ್, ಹೊರಗೆ ಕೆಂಪು ಚೀಟಿ. ಮರಿಗೆ ಗುಲಾಬಿ ಎಂದು ಹೆಸರಿಟ್ಟದ್ದು ನಾನು. ಭಾವ ಮಾತ್ರ ಅದರ ಕಾಲನ್ನು ಕಾಲು ಎಂದು ಒಮ್ಮೆಯೂ ಕರೆಯಲಿಲ್ಲ. "ಲೆಫ್ಟ್ ಅಂಡರ್‌ಕ್ಯಾರೇಜ್ ಒಳಗ ಪ್ರಾಬ್ಲೆಮ್ ಅದ" ಎನ್ನುತ್ತಿದ್ದರು. ಅಲ್ಯೂಮಿನಿಯಮ್ ತಗಡು ಕತ್ತರಿಸಿ, ಅರದಿಂದ ತಿಕ್ಕಿ, ಪಾಲಿಶ್ ಮಾಡಿ ಅದಕ್ಕೊಂದು ಬ್ರೇಸ್ ತಯಾರಿಸಿದರು. ನೋಡಲು ಬ್ಯೂಟಿಫುಲ್, ಕೊರಳಲ್ಲಿ ಹಾಕಿಕೊಳ್ಳಬಹುದಿತ್ತು! ಗುಲಾಬಿಗೆ ತೊಡಿಸಿದ ಕೂಡಲೇ ಅದು ಒಡವೆಯ ಭಾರಕ್ಕೆ ಮೂತಿ ಮುಂದಾಗಿ ಮಗುಚಿ ಬಿತ್ತು.

"ನೋಸ್ ಹೆವಿ ಆತು" ಎಂದು ಭಾವ ಗಡ್ಡ ತುರಿಸಿಕೊಂಡರು.

ನಾನು ಪರ್ಸಿನಿಂದ ಬ್ಯಾಂಡ್‌ಏಡ್ ತೆಗೆದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಫಸ್ಟ್ ಏಡ್ ಕಲಿಸಿ ಬ್ಯಾಡ್ಜು ಕೊಟ್ಟಿದ್ದರು; ಆ ಬ್ಯಾಡ್ಜು ನನಗೆ ಜೀವಮಾನದಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಪಟ್ಟಿಯನ್ನು ಸಣ್ಣಗೆ ಕತ್ತರಿಸಿ ಎರಡೂ ಕಾಲನ್ನು ಸರಿಯಾದ ಅಂತರದಲ್ಲಿ ಸೇರಿಸಿ ಸುತ್ತಿದೆ. ಗುಲಾಬಿ ತೂರಾಡಿತು, ಕೂತಿತು, ಎದ್ದಿತು. ನಿಂತಿತು!

"ಹ್ಞೂಂ, ಟೆಂಪರರಿ ಅರೇಂಜ್‌ಮೆಂಟ್ ಅಂತ ನಡೀತದ" ಎಂದರು ಭಾವ. ಸೋತವರ ಭಾಷೆ!

"ಯು ಆರ್ ವೆಲ್ಕಮ್, ಭಾವಾ."

"ಏ ಇಂಗ್ಲಿಷ್ ಮೇಡಂ, ಜಂಬ ಸಾಕು. ಡಬಲ್ ಚೆಕ್‌ಗೆ ಬಾ."

ಈ ಡಬಲ್ ಚೆಕ್ ಎನ್ನುವುದು ಇನ್ನೊಂದು ಕಾಟ. ವಿಮಾನದಲ್ಲಿ ಒಬ್ಬ ಮಾಡಿದ ಕೆಲಸವನ್ನು ಇನ್ನೊಬ್ಬ ಬಂದು ಬೇರೆಯಾಗಿ ಪರೀಕ್ಷಿಸಲೇಬೇಕಂತೆ. ಆ ಇನ್ನೊಬ್ಬ ನಾನು! ಅಕ್ಕನ ಯೋಗದ ಮ್ಯಾಟನ್ನು ಹರಿದು ಪ್ಯಾಸೇಜಿನುದ್ದಕ್ಕೂ ರನ್‌ವೇ ಹಾಸಿದ್ದರು, ಕಾಲು ಜಾರಬಾರದೆಂದು. ಮರಿ ಆ ಕಡೆಯಿಂದ ನಡೆದು ಬರುವಾಗ ನಾವಿಬ್ಬರೂ ಈ ಕಡೆ ಬೋರಲು ಮಲಗಿ, ಕೆನ್ನೆ ನೆಲಕ್ಕೆ ಹಚ್ಚಿ, ಒಂದೊಂದು ಕಣ್ಣು ಮುಚ್ಚಿ ಕಾಲಿನ ಆ್ಯಂಗಲ್ ನೋಡಬೇಕು. ಒಂದು ಬೆಳಿಗ್ಗೆ ಹಾಲಿನವಳು ತೆರೆದ ಬಾಗಿಲಿನಿಂದ ಇಣುಕಿ, ಎರಡು ಮುದಿ ದೇಹಗಳು ನೆಲದ ಮೇಲೆ ಚಾಚಿಕೊಂಡಿದ್ದನ್ನು ಕಂಡು "ಆಯೀ ಗ!" ಎಂದು ಕಿರುಚಿ ಕ್ಯಾನ್ ಬಿಟ್ಟಳು. ಅವತ್ತು ಚಹಾ ಇಲ್ಲ!

ಆದರೂ ಗುಲಾಬಿ ಸೊರಗುತ್ತಿತ್ತು. ಅಕ್ಕ ಜೋಳದ ನುಚ್ಚು, ನೆನೆಸಿದ ಅವಲಕ್ಕಿ, ಹೆಸರುಬೇಳೆ, ತನಗೆ ತಿಳಿದ ಪಥ್ಯವನ್ನೆಲ್ಲ ಕೊಟ್ಟಳು. ಮರಿ ಕಣ್ಣು ಮುಚ್ಚಿ ರೆಕ್ಕೆ ಇಳಿಬಿಟ್ಟು ಕೂತಿತು. ದನದ ಡಾಕ್ಟರಿಗೆ ಫೋನ್ ಮಾಡಿದೆವು. ಅವರು ಹೇಳಿದ ಔಷಧ ಕೇಳಿ ಭಾವ ಫೋನನ್ನು ಕಿವಿಯಿಂದ ತೆಗೆದು ನಮ್ಮಿಬ್ಬರ ಮುಖ ನೋಡಿದರು.

"ಬೇಯಿಸಿದ ತತ್ತಿ. ಒಳಗಿನ ಹಳದಿ."

ಅಕ್ಕನ ಮನೆಯ ಹೊಸ್ತಿಲನ್ನು ಅದುವರೆಗೆ ಒಂದು ಮೊಟ್ಟೆಯೂ ದಾಟಿರಲಿಲ್ಲ. ಮೊಟ್ಟೆ ಹಾಕಿದ ಕೇಕ್ ಕೂಡ ಇಲ್ಲ.

"ಕೋಳಿಮರಿಗೆ ತತ್ತಿ ತಿನಸ್ತೀರಿ? ಅದರ ತಮ್ಮನ್ನ ಅದಕ್ಕs?" ಅಕ್ಕ ಕೆನ್ನೆಗೆ ಕೈ ಇಟ್ಟುಕೊಂಡಳು.

"ಈ ಪೌಲ್ಟ್ರಿ ತತ್ತಿಯೊಳಗ ತಮ್ಮ ಇರೂದಿಲ್ಲ. ಬರೇ ಪ್ರೋಟೀನ್."

"ನಿಮಗ ಹ್ಯಾಂಗ ಗೊತ್ತು ಅಷ್ಟೆಲ್ಲಾ?"

ಭಾವ ಕೆಮ್ಮಿದರು. ನಾನು ನೋಟ್ ಮಾಡಿಕೊಂಡೆ.

ಪರಿಚಯದವರು ಯಾರೂ ನೋಡಬಾರದೆಂದು ಭಾವ ಹೆಲ್ಮೆಟ್ ಹಾಕಿ, ಗಾಜು ಇಳಿಸಿ, ನನ್ನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಮೂರನೆಯ ಬಡಾವಣೆಯ ಮೊಟ್ಟೆ ಗಾಡಿಗೆ ಹೋದರು. ಹೆಲ್ಮೆಟ್ ತೆಗೆಯದೆ ಬೆರಳಿನಿಂದಲೇ ಎರಡು ಎಂದು ತೋರಿಸಿದರು. ಗಾಡಿಯವನು ನಗುತ್ತಾ, "ಕಾಯ್ ಕಾಕಾ, ಆಜ್ ಹಾಫ್ ಫ್ರಾಯ್ ನಾಹಿ?" ಎಂದ. ಇವತ್ತು ಹಾಫ್ ಫ್ರೈ ಬೇಡವೇ ಅಂತ!

ಮನೆ ಹತ್ತಿರ ಬಂದಾಗ ಭಾವ ಹೆಲ್ಮೆಟ್ಟಿನೊಳಗಿಂದ, "ಅಕ್ಕಗ ಹೇಳಬ್ಯಾಡ ಮಾರಾಯ್ತಿ" ಎಂದರು. "ಐ ಡಿಡಂಟ್ ಹಿಯರ್ ಎನಿಥಿಂಗ್, ಭಾವಾ" ಎಂದೆ. ಆ ದಿನದಿಂದ ಅವರು ನನಗೆ ಜಂಬ ಸಾಕು ಎನ್ನುವುದನ್ನು ನಿಲ್ಲಿಸಿದರು.

ಅಡುಗೆಮನೆಗೆ ಪ್ರವೇಶವಿಲ್ಲವಾದ್ದರಿಂದ ಮೊಟ್ಟೆ ಬೆಂದದ್ದು ಟೆರೇಸಿನಲ್ಲಿ, ನೀರು ಕಾಯಿಸುವ ರಾಡಿನಿಂದ, ಹಳೆಯ ಬಣ್ಣದ ಡಬ್ಬಿಯೊಳಗೆ. ಭಾವನ ದಪ್ಪ ಬೆರಳುಗಳಲ್ಲಿ ಹಳದಿ ಮುದ್ದೆಯಾಯಿತು. ಮರಿ ಮೂಸಿಯೂ ನೋಡಲಿಲ್ಲ. ಅದರ ಕತ್ತು ಜೋಲತೊಡಗಿತ್ತು. ಭಾವ ಜೋಕು ಮರೆತರು. "ತಿನ್ನs ಯವ್ವಾ, ಒಂದ ಕಾಳು ತಿನ್ನು" ಎಂದು ಅದರೆದುರು ಮಂಡಿಯೂರಿ ಕುಳಿತರು.

ಮೆಟ್ಟಿಲ ಬಾಗಿಲಿನಲ್ಲಿ ಮೂಗಿಗೆ ಸೆರಗು ಸುತ್ತಿಕೊಂಡ ಅಕ್ಕ ಯಾವಾಗಿನಿಂದ ನಿಂತಿದ್ದಳೋ! ಬಂದವಳೇ, "ಸರೀರಿ ಅತ್ಲಾಗ. ಒಂದು ಹಿಡಿ ರವಾ ಸಹಿತ ಉದುರಾಗಿ ಹುರಿಯಾಕ ಬರದ ಕೈ!" ಎಂದು ಗಂಡನ ಕೈಯಿಂದ ಅದನ್ನು ಕಸಿದುಕೊಂಡಳು. ಎರಡು ಬೆರಳಿನ ನಡುವೆ ತಿಕ್ಕಿ ತಿಕ್ಕಿ ಸಾಸಿವೆಗಿಂತ ಸಣ್ಣಗೆ ಮಾಡಿ, ಉಗುರಿನ ತುದಿಯಲ್ಲಿ ಹಿಡಿದಳು. ಗುಲಾಬಿ ಒಂದು ಕಣ್ಣು ತೆರೆಯಿತು. ಕುಕ್ಕಿತು. ಮತ್ತೆ ಕುಕ್ಕಿತು.

ನಾವಿಬ್ಬರೂ ಅಕ್ಕನನ್ನೇ ನೋಡುತ್ತಿದ್ದೆವು. "ಏನ ನೋಡ್ತೀರಿ? ಸ್ನಾನ ಮಾಡಿದರಾತು!" ಎಂದು ಗದರಿದಳು. ಪಾಪ, ಅಲ್ಲಿಂದ ಮುಂದೆ ದಿನಾ ಎರಡೆರಡು ಸಲ ಸ್ನಾನ ಮಾಡಿದಳು.

ಗುಲಾಬಿ ಬೆಳೆಯಿತು; ವಾರಕ್ಕೆಂದು ಬಂದ ನಾನೂ ತಿಂಗಳುಗಟ್ಟಲೆ ಅಲ್ಲೇ ಉಳಿದೆ. ಗುಲಾಬಿ ಬಣ್ಣ ಉದುರಿ ಬಿಳಿ ಪುಕ್ಕ ಬಂತು, ತಲೆಯ ಮೇಲೆ ಕೆಂಪು ಜುಟ್ಟು ಮೂಡಿತು. ಒಂದು ಮುಂಜಾನೆ ಬಾಲ್ಕನಿಯ ಕಟ್ಟೆ ಏರಿ ಗಂಟಲು ಹರಿದು ಕೂಗಿದಾಗ ನಮ್ಮ ಗುಲಾಬಿ ಗಂಡು ಎಂದು ಇಡೀ ಸೊಸೈಟಿಗೆ ತಿಳಿಯಿತು. ಸೆಕ್ರೆಟರಿ ಬಂದು, ಇದು ಫ್ಲ್ಯಾಟೋ ಫಾರ್ಮೋ ಎಂದು ಕೇಳಿ ಹೋದರು.

ಭಾವನಿಗೆ ಆ ಚಿಂತೆಯಿಲ್ಲ! ಬ್ಯಾಂಡ್‌ಏಡ್ ಬಿಚ್ಚಿ ಎಷ್ಟೋ ದಿನವಾಗಿದ್ದರೂ ಎಡಗಾಲಿನ ಬೆರಳು ಒಳಕ್ಕೆ ತಿರುಗಿಯೇ ಇತ್ತು. ಹೆಜ್ಜೆಗೊಮ್ಮೆ ಒಂದು ಸಣ್ಣ ಕುಂಟು. ನಾಚಿದ ಮದುಮಗಳ ಥರ. ಅವರು ತಿಕ್ಕಿದರು, ಎಳೆದರು, ರಬ್ಬರ್ ತುಂಡು ಕಟ್ಟಿದರು. ಕೆಂಪು ಚೀಟಿ ಕಳಚಲಿಲ್ಲ. "ಕೆಲಸ ಅರ್ಧಕ್ಕ ಬಿಟ್ಟು ನನಗ ರೂಢಿ ಇಲ್ಲ" ಎಂದರು.

ಆಗ ಅಕ್ಕ ಆ ಆಮ್ಯಾಗಿನ ಮಾತನ್ನು ಎತ್ತಿದಳು. "ಈಗ ಕಳಸಬೇಕಲ್ಲ ಇದನ್ನ. ಯಾರ ಕೈಯಾಗ ಕೊಡ್ತೀರಿ? ಹುಂಜ ತತ್ತಿ ಇಡೂದಿಲ್ಲ, ಹಾಲ ಕೊಡೂದಿಲ್ಲ. ಯಾರ ಸಾಕ್ತಾರ ಸುಮ್ಮನ?" ಯಾರೂ ಊಟ ಸರಿಯಾಗಿ ಮಾಡಲಿಲ್ಲ ಅವತ್ತು.

ಭಾವನ ಜೊತೆ ಕೆಲಸ ಮಾಡಿದ ಗೆಳೆಯರೊಬ್ಬರು ಸಟಾಣಾದ ಹತ್ತಿರ ಈರುಳ್ಳಿ, ದಾಳಿಂಬೆ ಬೆಳೆಯುತ್ತಾರೆ. ಅಂಗಳದಲ್ಲಿ ಕೋಳಿಗಳಿವೆ. ನಾನೂ ಭಾವನೂ ಹುಂಜವನ್ನು ಬುಟ್ಟಿಯಲ್ಲಿಟ್ಟುಕೊಂಡು ಅಲ್ಲಿಗೆ ಹೋದೆವು. ಅಕ್ಕ ಬರಲಿಲ್ಲ, ಮಂಡಿ ನೋವು ಎಂದಳು. ಬುಟ್ಟಿಯೊಳಗೆ ಸಣ್ಣಗೆ ಹೆಚ್ಚಿದ ಕೊತ್ತಂಬರಿ ಇಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಭಾವ ಬಸ್ಸಿನಲ್ಲಿ ಒಂದೇ ಮಾತು ಕೇಳಿದರು: "ಕೊಯ್ಯಬ್ಯಾಡ್ರಿ ಅಂತ ಬಾಯಿ ಬಿಟ್ಟು ಹ್ಯಾಂಗ ಹೇಳೂದು? ಅವರ ಮನಿ ಪದ್ಧತಿ ಅವರದು."

ಗೆಳೆಯರ ಹೆಂಡತಿ ಹುಂಜವನ್ನು ಪಳಗಿದ ಕೈಯಿಂದ ಎತ್ತಿದರು. ತೂಗಿದರು, ಜುಟ್ಟು ನೋಡಿದರು, ಎಡಗಾಲು ಹಿಡಿದು ಬೆರಳು ಬಿಡಿಸಿ ನೋಡಿದರು. ಮುಖ ಸಪ್ಪಗಾಯಿತು. "ಹಾ ದೇವೀಲಾ ಚಾಲಣಾರ್ ನಾಹಿ, ಭಾವೂಜಿ" ಎಂದರು. ಇದು ದೇವಿಗೆ ನಡೆಯುವುದಿಲ್ಲ.

ಭಾವನಿಗೆ ಕೇಳಿಸಿದ್ದು ರಿಜೆಕ್ಟ್ ಎಂದಷ್ಟೇ! ಅಂಗಲಾಚತೊಡಗಿದರು. ತಪ್ಪು ನನ್ನದು ವಹಿನಿ, ಇನ್ನೊಂದು ತಿಂಗಳು ಕೊಡಿ, ವಾರಕ್ಕೊಮ್ಮೆ ಬಂದು ತಿಕ್ಕಿ ಪೂರ್ತಿ ಸೀದಾ ಮಾಡಿಕೊಡುತ್ತೇನೆ...

ನಾನು ಅವರ ತೋಳನ್ನು ಬಲವಾಗಿ ಚಿವುಟಿದೆ. "ಭಾವಾ, ಫಾರ್ ಒನ್ಸ್ ಇನ್ ಯುವರ್ ಲೈಫ್, ಶಟ್ ಅಪ್!"

ಗೆಳೆಯರ ಹೆಂಡತಿ ಬಿಡಿಸಿ ಹೇಳಿದರು. ಅವರ ಮನೆಯಲ್ಲಿ ಹುಂಜ ಸಾಕುವುದು ದೇವಿಗೆ ಒಪ್ಪಿಸಲಿಕ್ಕೆ. ಒಪ್ಪಿಸುವ ಹುಂಜಕ್ಕೆ ಒಂದು ಉಗುರಿನ ಊನವೂ ಇರಕೂಡದು. ದೇವಿಗೆ ನಡೆಯದ್ದು ಅವರಿಗೂ ನಡೆಯುವುದಿಲ್ಲ, ಅಂಥದರ ಮೇಲೆ ಮನೆಯಲ್ಲಿ ಯಾರೂ ಕತ್ತಿ ಎತ್ತುವುದಿಲ್ಲ. "ಇರಲಿ ಬಿಡಿ, ಅಂಗಳದಲ್ಲಿ ಓಡಾಡಿಕೊಂಡಿರಲಿ. ಕೂಗಾದರೂ ಚೆನ್ನಾಗಿದೆಯಲ್ಲ" ಎಂದು ನೆಲಕ್ಕಿಳಿಸಿದರು.

ಗುಲಾಬಿ ಪುಕ್ಕ ಕೊಡವಿತು. ನಮ್ಮತ್ತ ತಿರುಗಿಯೂ ನೋಡದೆ, ನಾಚಿದ ಹೆಜ್ಜೆಯಲ್ಲೇ ಕುಂಟುತ್ತಾ ಈರುಳ್ಳಿ ರಾಶಿಯ ಹಿಂದಿದ್ದ ಹೇಂಟೆಗಳತ್ತ ಹೊರಟಿತು. ಭಾವ ಬಾಯಿ ತೆರೆದು ನೋಡುತ್ತಾ ನಿಂತರು. ಆ ಬೆರಳನ್ನು ಸೀದಾ ಮಾಡಲು ಅವರು ಪಟ್ಟ ಪಾಡೇನು! ಗೆದ್ದಿದ್ದರೆ ಕೊಂದಿರುತ್ತಿದ್ದರು. ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ಭುಜ. ಕಣ್ಣೊರೆಸಿಕೊಂಡು ನಕ್ಕರು, ನಕ್ಕು ಮತ್ತೆ ಕಣ್ಣೊರೆಸಿಕೊಂಡರು. ಅಕ್ಕನಿಗೆ ಫೋನ್ ಹಚ್ಚಿ, "ಉಳೀತs! ನನ್ನ ಕೆಲಸ ಕೆಟ್ಟದ್ದಕ್ಕ ಉಳೀತು!" ಎಂದು ಕೂಗಿದರು.

ಸಟಾಣಾದ ಸ್ಟ್ಯಾಂಡಿನಲ್ಲಿ ನನ್ನನ್ನು ಸಂಭಾಜಿನಗರದ ಬಸ್ಸಿಗೆ ಹತ್ತಿಸಿದರು. ಅವರದು ನಾಸಿಕದ ಬಸ್ಸು, ಆಚೆ ಬದಿಯಲ್ಲಿ ನಿಂತಿತ್ತು. ಕಿಟಕಿಯಲ್ಲಿ ನನ್ನ ಮುಖ ಕಂಡದ್ದೇ, ನನ್ನನ್ನು ನಗಿಸಲೆಂದು, ಆ ತುಂಬಿದ ಸ್ಟ್ಯಾಂಡಿನ ನಡುವೆ ಗುಲಾಬಿಯ ಹಾಗೆ ನಡೆಯತೊಡಗಿದರು. ಎದೆ ಮುಂದೆ, ಕತ್ತು ಮೇಲೆ, ಎಡ ಪಾದ ಒಳಕ್ಕೆ. ಎಪ್ಪತ್ತೆಂಟರ ಮುದುಕ! ಸಂತೆಯಿಂದ ಬಂದ ಹೆಂಗಸೊಬ್ಬಳು ಪಾಪ, ನಿಜವಾಗಿಯೂ ಕಾಲು ಕುಂಟೆಂದು ತಿಳಿದು, ತಲೆಯ ಮೇಲಿನ ಗಂಟನ್ನು ಒಂದು ಕೈಯಿಂದ ಹಿಡಿದು, ಇನ್ನೊಂದು ಕೈಯಿಂದ ಅವರ ತೋಳು ಹಿಡಿದಳು. ಭಾವ ಬೇಡವೆನ್ನಲಿಲ್ಲ. ಭಾರೀ ವಿನಯದಿಂದ, ಒಂದೊಂದೇ ಹೆಜ್ಜೆ ಕುಂಟುತ್ತಾ, ಬಸ್ಸಿನ ಮೆಟ್ಟಿಲ ತನಕ ಅವಳ ಜೊತೆ ಹೋದರು. ಅಲ್ಲಿ ತಿರುಗಿ ನನ್ನತ್ತ ಕಣ್ಣು ಮಿಟುಕಿಸಿದರು.

ನನ್ನ ಬಸ್ಸು ಹೊರಟಿತು. ಊರು ದಾಟುವ ತನಕ ನಾನೊಬ್ಬಳೇ ನಗುತ್ತಿದ್ದೆ. ಅವರನ್ನು ನಾನು ಕೊನೆಯ ಸಲ ಜೀವಂತ ನೋಡಿದ್ದು ಅದೇ.